ಕಥೆಗೆ ಮತಲಬ ಕೇಳಿದವನು

ಕಮಲಿ ತಾನಾಗಿಯೇ ಕಥೆ ಓದುವುದನ್ನು ಬಿಟ್ಟಳು ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳುತ್ತ ಬಂದೆ. ಸುಳ್ಳು. ಬಿಡಿಸಿದವನು ನಾನು—ಅವಳ ತಂದೆ, ಚಿತ್ತಾಪುರದ ಎಷ್ಟೋ ಮಕ್ಕಳಿಗೆ ಅಕ್ಷರ ಕಲಿಸಿದ ಮಾಸ್ತರ.

ಅದು ಶುರುವಾಗುವ ಹಿಂದಿನ ದಿನ ಎಲ್ಲವೂ ಎಂದಿನಂತೆಯೇ ಇತ್ತು. ಪಡಸಾಲೆಯ ಫರಸಿಕಲ್ಲಿನ ನೆಲದ ಮೇಲೆ ಬೋರಲು ಮಲಗಿ, ಕಾಲು ಮೇಲೆತ್ತಿ ಆಡಿಸುತ್ತ ಕಮಲಿ ಕಥೆ ಓದುತ್ತಿದ್ದಳು. ಆಗ ಅವಳಿಗೆ ಹತ್ತು ವರ್ಷ. ನನ್ನ ಹೆಂಡತಿಯ ತಮ್ಮ ಗುಂಡಣ್ಣ ವಾಡಿ ಸ್ಟೇಷನ್ನಿನಲ್ಲಿ ಗುಮಾಸ್ತ. ಸೊಲ್ಲಾಪುರದ ಕಡೆಯಿಂದ ಬರುವವರಿಗೆ ಹೇಳಿ ಅವಳಿಗೆಂದು ಕನ್ನಡ ಪುಸ್ತಕ ತರಿಸುತ್ತಿದ್ದ.

"ಅವ್ವಾ, ಕಳ್ಳ ನೆಲದಾಗಿನ ಜೋಳದ ಹಗೇವಿನ್ಯಾಗ ಬಿದ್ದಾನ!"

"ಬೀಳಲಿ ಬಿಡ. ನೀ ಬಂದು ರೊಟ್ಟಿ ತಿನ್ನ" ಎಂದಳು ಅವಳ ತಾಯಿ, ಒಲೆಯ ಮುಂದಿನಿಂದ.

"ತಡಿಯವ್ವಾ, ಅವಾ ಹೊರಗ ಬರ್ಲಿ. ಆಮ್ಯಾಲ ತಿಂತೀನಿ."

ಮರುದಿನ ನನ್ನ ಖಾಸಗಿ ಶಾಲೆಯ ತಪಾಸಣೆ. ಸರ್ಕಾರದ ಪರವಾನಗಿ ಇಲ್ಲದೆ ಅಂಥ ಶಾಲೆ ನಡೆಸುವಂತಿರಲಿಲ್ಲ. ತಪಾಸಣೆಗೆ ಬರುವ ಸಾಹೇಬರು ಒಂದು ಸಾಲು ಬರೆದರೆ ಮುಚ್ಚಿದಂತೆಯೇ. ಅವರದು ಉರ್ದು; ಕನ್ನಡ ಬರುತ್ತಿರಲಿಲ್ಲ. ಮಗು ಓದಿದ್ದು ಸರಿಯೋ ತಪ್ಪೋ ಹೇಗೆ ತಿಳಿಯಬೇಕು? ಅದಕ್ಕೇ ಕನ್ನಡ ಬಲ್ಲ ತಮ್ಮ ಕಚೇರಿಯ ಗುಮಾಸ್ತನಿಂದ, "ಇದರ ಮತಲಬ ಏನು?" ಎಂದು ಪ್ರತಿ ಮಗುವಿಗೂ ತಾತ್ಪರ್ಯ ಕೇಳಿಸುತ್ತಿದ್ದರು.

ನಾನು ಹೆಮ್ಮೆಯಿಂದ ಕಮಲಿಯನ್ನು ಮುಂದೆ ನಿಲ್ಲಿಸಿದೆ. ಅದೇ ಕಳ್ಳನ ಕಥೆಯನ್ನು ಎಲ್ಲಿಯೂ ತಡವರಿಸದೆ ಓದಿದಳು. ಪ್ರಶ್ನೆ ಬಂತು.

"ಮತಲಬ ಗೊತ್ತಿಲ್ರಿ. ಆದ್ರ ಕಳ್ಳಗ ಹೊರಗ ಬರಾಕ ಆಗವಲ್ದರಿ. ಹೊಟ್ಟಿ ಸಿಕ್ಕೊಂಡದ!"

ಎಲ್ಲರೂ ನಕ್ಕರು. ಸಾಹೇಬರೂ ನಕ್ಕರು. ಶಾಲೆಗೆ ಏನೂ ಆಗಲಿಲ್ಲ. ಇದನ್ನು ಇನ್ನೊಮ್ಮೆ ಬರೆಯಬೇಕು—ಶಾಲೆಗೆ ಏನೂ ಆಗಲಿಲ್ಲ. ಆದರೆ ಸಂಜೆ ಕಟ್ಟೆಯ ಮೇಲೆ ಕುಳಿತವರು ಕೆಣಕಿದರು: "ಏನ್ರಿ ಮಾಸ್ತರ, ಊರಿಗೆಲ್ಲಾ ಮತಲಬ ಹೇಳ್ತೀರಿ, ಮಗಳಿಗಿ ಹೇಳಿಲ್ಲೇನ್ರಿ?"

ಮನೆಗೆ ಬಂದವನೇ ಅವಳ ಕೈಯಿಂದ ಪುಸ್ತಕ ಕಸಿದುಕೊಂಡೆ. "ಇನ್ನ ಮ್ಯಾಲ ಒಂದೊಂದು ಕಥಿಗೂ ಮತಲಬ ಹೇಳಬೇಕು. ಹೇಳಿದ್ರ ಮುಂದಿನ ಕಥಿ. ಇಲ್ಲಂದ್ರ ಪುಸ್ತಕ ಮುಟ್ಟಬ್ಯಾಡ."

ಹೇಳಿದಳು. ಬಹಳ ಚೆನ್ನಾಗಿಯೇ ಹೇಳಿದಳು. "ಕಳವು ಮಾಡಬಾರದ್ರಿ." "ಆಶಾ ಭಾಳ ಇರಬಾರದ್ರಿ." ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ಕುಳಿತು, ಕಥೆ ಮುಗಿಯುವ ಮೊದಲೇ ಮತಲಬ ಹುಡುಕುತ್ತಿದ್ದಳು. ನಾನು ತಲೆದೂಗುತ್ತಿದ್ದೆ. ದಿನಕ್ಕೊಂದು ಕಥೆ ಇದ್ದದ್ದು ವಾರಕ್ಕೊಂದಾಯಿತು. ಆಮೇಲೆ ಒಂದು ಸಂಜೆ—"ಅಪ್ಪಾ, ಇವತ್ತ ಓದೂದು ಬ್ಯಾಡ್ರಿ. ಭಾಂಡಿ ತಿಕ್ಕತೀನ್ರಿ."

ಮಗಳು ಮನೆಗೆಲಸಕ್ಕೆ ಬಂದಳೆಂದು ನನಗೆ ಸಂತೋಷವೇ ಆಯಿತು. ಇದನ್ನು ಬರೆಯುವಾಗ ತಲೆ ತಗ್ಗುತ್ತದೆ.

ಗುಂಡಣ್ಣ ಮತ್ತೆ ಪುಸ್ತಕ ತಂದಾಗ, "ಆಕಿಗಿ ಮನಸಿಲ್ಲಪ್ಪ" ಎಂದು ಅವನ ಚೀಲಕ್ಕೇ ಮರಳಿ ಹಾಕಿಸಿದೆ. ಕಮಲಿ ಬಾಗಿಲಲ್ಲಿ ನಿಂತಿದ್ದಳು. ಕೈ ಚಾಚಲಿಲ್ಲ; ರಕ್ಷಾಪುಟದ ಚಿತ್ರ ಚೀಲದೊಳಗೆ ಮರೆಯಾಗುವವರೆಗೂ ಅದನ್ನೇ ನೋಡಿದಳು. ನಾನು ಕಂಡೆ. ಕಂಡೂ ಯಾರಿಗೂ ಹೇಳಲಿಲ್ಲ—ಅವಳ ತಾಯಿಗೂ.

ಮುಂದೆ ಅವಳನ್ನು ಶಹಾಬಾದಿಗೆ ಮದುವೆ ಮಾಡಿ ಕೊಟ್ಟೆವು. ಹೋದ ಚೈತ್ರದಲ್ಲಿ ಜ್ವರ ಬಂದು ನಾಲ್ಕೇ ದಿನಕ್ಕೆ ತೀರಿಕೊಂಡಳು. ಅವಳ ಮಗಳು ರಮಾ, ಒಂಬತ್ತು ವರ್ಷದವಳು, ಈಗ ನಮ್ಮ ಹತ್ತಿರ ಇದ್ದಾಳೆ. ಅವಳಾದರೂ ಓದಲಿ ಎಂದು ಒಂದು ಮಧ್ಯಾಹ್ನ ಕಥೆಪುಸ್ತಕ ಕೊಡಲು ಹೋದೆ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ಬ್ಯಾಡ್ರಿ ಅಜ್ಜಾ."

"ಯಾಕವ್ವಾ?"

"ಓದಿದ್ರ ಕೇಳ್ತಾರಂತ್ರಿ. ಅವ್ವ ಹೇಳ್ಯಾಳ."

ಯಾರು ಕೇಳುತ್ತಾರೆಂದು ಕಮಲಿ ಮಗಳಿಗೆ ಹೇಳಿರಲಿಲ್ಲ. ನನ್ನ ಮರ್ಯಾದೆಯನ್ನು ಅವಳು ಕಾಯ್ದಿದ್ದಳು.

ಶಾಲೆ ಉಳಿಯಲೆಂದು ಹಾಗೆ ಮಾಡಿದೆ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದೂ ನಿಜವಲ್ಲ. ಕಟ್ಟೆಯ ಮೇಲಿನವರ ನಗೆ ತಡೆಯಲಾರದೆ ಮಾಡಿದೆ. ಖುಷಿಯಿಂದ ಓದುವ ಒಂದು ಮಗು ನನ್ನ ಮನೆಯಲ್ಲೇ ಇತ್ತು. ಅದರ ಪಕ್ಕದಲ್ಲಿ ಸುಮ್ಮನೆ ಕೂರುವುದಷ್ಟೇ ನನ್ನ ಕೆಲಸವಾಗಿತ್ತು—ನನ್ನಿಂದ ಅದು ಆಗಲಿಲ್ಲ.

ಗುಂಡಣ್ಣನಿಗೆ ನಿಜ ಹೇಳಿದೆ. ಅವನು ಮರುವಾರ ಎರಡು ಪುಸ್ತಕ ಕಳಿಸಿದ. ರಮಾಳ ಕೈಗೆಟುಕುವ ಗೂಡಿನಲ್ಲಿ ಅವನ್ನು ಇಟ್ಟು, ಅವಳು ಆ ಕಡೆ ಬಂದರೆ ನಾನು ಎದ್ದು ಹೊರಗೆ ಹೋಗುತ್ತೇನೆ. ಓದಿದೆಯಾ ಎಂದು ಕೇಳಿಲ್ಲ. ಕೇಳುವುದಿಲ್ಲ.

ತಿಂಗಳಾಯಿತು. ರಮಾ ಇನ್ನೂ ಒಂದು ಪುಸ್ತಕವನ್ನೂ ಮುಟ್ಟಿಲ್ಲ.