ಜಾಲಿ ಮರದ ಪೆಡಲು

ಹೋದ ವಾರ ಕೆಳಗಿನ ಮನೆಯವರು ಬಾಗಿಲಿಗೆ ಪಾಲಿಶ್ ಹಾಕಿಸುತ್ತಿದ್ದರು. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದ ಆ ವಾಸನೆ ಮೆಟ್ಟಿಲು ಹತ್ತಿ ಬಂದು, ಒಲೆಯ ಮುಂದೆ ನಿಂತಿದ್ದ ನನ್ನ ಮೂಗಿಗೆ ಬಡಿಯಿತು. ಸೌಟು ಹಿಡಿದು ಹಾಗೇ ನಿಂತುಬಿಟ್ಟೆ. ಒಗ್ಗರಣೆ ಸೀದು ಕಪ್ಪಾಯಿತು.

"ಅಮ್ಮಮ್ಮಾ, ಏನೋ ಸೀದಿದೆ! ಕಿಟಿಕಿ ತೆರೀಲಾ?" ಎಂದು ಮೊಮ್ಮಗಳು ಒಳಗಿನಿಂದ ಕೂಗಿದಳು.

"ತೆರಿ. ಸೀದಿದ್ದಕ್ಕಲ್ಲ, ಆ ಪಾಲಿಶ್ ವಾಸನೆ ಮೊದಲು ಆಚೆ ಹೋಗ್ಲಿ" ಎಂದೆ.

ಆ ವಾಸನೆ ನನಗೆ ಒಬ್ಬ ಮನುಷ್ಯನದು. ವಿಜಯವಾಡದ ಒನ್ ಟೌನಿನಲ್ಲಿ, ಸಗಟು ಪಾತ್ರೆ ಅಂಗಡಿಗಳ ಸಂದಿಯಲ್ಲಿ, ಒಂದೇ ಕೋಣೆಯಲ್ಲಿ ಕೂತು ಗಿಟಾರು ಮಾಡುತ್ತಿದ್ದ ಮೇಸ್ತ್ರಿಯದು. ಹೆಸರು ಗೊತ್ತು, ಬರೆಯುವುದಿಲ್ಲ. ನಾವು ಮೇಸ್ತ್ರಿ ಎಂದೇ ಕರೆಯುತ್ತಿದ್ದದ್ದು. ಸತ್ತವರ ಬಗ್ಗೆ ಒಳ್ಳೆಯ ಮಾತು ಮಾತ್ರ ಆಡಬೇಕಂತೆ. ನನಗೆ ಆ ಕಲೆ ಬರುವುದಿಲ್ಲ.

ನಮ್ಮವರು ಬ್ಯಾಂಕಿನಲ್ಲಿ ಗುಮಾಸ್ತರು. ತಿಪಟೂರು ಕಡೆಯವರಾದ ನಮ್ಮನ್ನು ವರ್ಗ ಎಂದು ವಿಜಯವಾಡಕ್ಕೆ ಎತ್ತಿಹಾಕಿದರು, ಅಲ್ಲಿಂದ ವಿಶಾಖಪಟ್ಟಣಕ್ಕೆ. ಮಗಳಿಗೆ ಅಲ್ಲೇ ಪಕ್ಕದ ದುವ್ವಾಡದಲ್ಲಿ ಕೆಲಸ ಸಿಕ್ಕಿತು, ನಿವೃತ್ತಿಯಾದ ಮೇಲೆ ನಾವೂ ಅವಳ ಜೊತೆಗೇ ಉಳಿದೆವು. ನಮ್ಮವರಿಗೆ ಇದ್ದ ಚಟ ಒಂದೇ, ಗಿಟಾರು. ಕುತ್ತಿಗೆಗೆ ನೇತುಹಾಕಿಕೊಂಡು ಕುಣಿಯುವ ಗಿಟಾರಲ್ಲ. ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ಎಡಗೈಯಲ್ಲಿ ಉಕ್ಕಿನ ತುಂಡು ಹಿಡಿದು ತಂತಿಯ ಮೇಲೆ ಜಾರಿಸುತ್ತಾ ಬಾರಿಸುವ ಸ್ಟೀಲ್ ಗಿಟಾರು. ಬ್ಯಾಂಕಿನ ಕನ್ನಡದವರೆಲ್ಲ ಸೇರಿ ಮಾಡುತ್ತಿದ್ದ ರಾಜ್ಯೋತ್ಸವದಲ್ಲಿ ವರ್ಷಕ್ಕೊಂದು ಸಲ ಬಾರಿಸುತ್ತಿದ್ದರು. ಜನ ಚಪ್ಪಾಳೆ ತಟ್ಟಿ ಬಿಸಿಬೇಳೆಬಾತಿಗೆ ಎದ್ದುಹೋಗುತ್ತಿದ್ದರು.

ನಿವೃತ್ತಿಯಾದ ಎರಡು ವರ್ಷಕ್ಕೆ ಅವರ ಬಲಗೈ ನಡುಗಲು ಶುರುವಾಯಿತು. ಮೊದಲು ಕಾಫಿ ಲೋಟ ಸದ್ದು ಮಾಡಿತು, ಆಮೇಲೆ ಗುಂಡಿ ಹಾಕಿಕೊಳ್ಳುವುದು ಕಷ್ಟವಾಯಿತು. ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಮಾತ್ರೆಗಳಲ್ಲಿ ಒಂದೆರಡು ವರ್ಷ ತಳ್ಳಬಹುದು, ಆಮೇಲೆ ಎರಡು ಕೈಯೂ ಮಾತು ಕೇಳುವುದಿಲ್ಲ ಎಂದರು. ಮನೆಗೆ ಬರುವಾಗ ಆಟೋದಲ್ಲಿ ನಮ್ಮವರು ಬಾಯಿ ಬಿಟ್ಟು ಕೇಳಿದರು: "ಪೆಡಲ್ ಇರೋದು ಒಂದು ಮಾಡಿಸ್ಕೊಳ್ಲಾ? ಕೈ ಇರೋವಾಗ್ಲೇ ಒಂದು ಸಲ ಬಾರಿಸ್ಬೇಕು ಕಣೇ." ಮೂವತ್ತೆಂಟು ವರ್ಷದ ಸಂಸಾರದಲ್ಲಿ ತಮಗೆ ಇಂಥದ್ದು ಬೇಕು ಎಂದು ಅವರು ಕೇಳಿದ್ದು ಅದೊಂದೇ.

ಪೆಡಲ್ ಇರುವ ಗಿಟಾರು ನೋಡಲು ಮೇಜಿನ ಹಾಗೆ. ನಾಲ್ಕು ಕಾಲು, ಮೇಲೆ ತಂತಿಗಳು, ಕೆಳಗೆ ಹೊಲಿಗೆ ಮೆಷಿನ್ನಿಗೆ ಇರುವಂತೆ ಪೆಡಲುಗಳು. ಕಾಲಿನಿಂದ ಒತ್ತಿದರೆ ಸರಳುಗಳು ತಂತಿಯನ್ನು ಎಳೆಯುತ್ತವೆ, ಸ್ವರ ತಾನಾಗಿ ಮೇಲೇರುತ್ತದೆ. ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಹಳೆಯ ಗಿಟಾರನ್ನು ರಿಪೇರಿ ಮಾಡಿಕೊಡುತ್ತಿದ್ದ ಒನ್ ಟೌನಿನ ಮೇಸ್ತ್ರಿ, ಆರು ತಿಂಗಳು ಕೊಡಿ, ಮಾಡಿಕೊಡುತ್ತೇನೆ ಎಂದ.

ಅಳತೆ ಕೊಡಲು ಇಬ್ಬರೂ ರೈಲು ಹತ್ತಿ ಹೋದೆವು. ಆತ ಬಳ್ಳಾರಿಯಲ್ಲಿ ಹತ್ತು ವರ್ಷ ಹಾರ್ಮೋನಿಯಂ ಕೆಲಸ ಮಾಡಿದವನು, ಅಲ್ಲಿಯ ಕನ್ನಡವನ್ನು ತೆಲುಗಿನಲ್ಲಿ ಅದ್ದಿ ಮಾತಾಡುತ್ತಿದ್ದ. ಸಣಕಲು ಮೈ, ಉಗುರಿನ ಸಂದಿಯಲ್ಲೆಲ್ಲ ಅರಗು. ನಮ್ಮವರನ್ನು ಸ್ಟೂಲಿನ ಮೇಲೆ ಕೂರಿಸಿ ಮಂಡಿಯ ಎತ್ತರ ಅಳೆದ, ಪಾದದ ಗೆರೆ ಎಳೆದುಕೊಳ್ಳಲು ನೆಲಕ್ಕೆ ನ್ಯೂಸ್ ಪೇಪರು ಹಾಸಿದ. ನಾನು ಸುಮ್ಮನಿರುವವಳೇ? "ಅಕ್ಷರದ ಮೇಲೆ ಕಾಲಿಡಿಸ್ತೀಯಲ್ಲಪ್ಪಾ" ಎಂದೆ. ಆತ ನಾಲಿಗೆ ಕಚ್ಚಿಕೊಂಡು ಪೇಪರು ಎತ್ತಿದ. ಬರಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಪಾದದ ಗೆರೆ ಎಳೆದ. ಅಷ್ಟಕ್ಕೇ ನನಗೆ ತಿಳಿಯಬೇಕಿತ್ತು, ಈ ಮನುಷ್ಯ ಹೇಳಿದ್ದನ್ನೆಲ್ಲ ಕೇಳಿಸಿಕೊಳ್ಳುತ್ತಾನೆ ಎಂದು...

ಆರು ತಿಂಗಳಿಗೆ ಸರಿಯಾಗಿ ಫೋನು ಬಂತು. ಮತ್ತೆ ಹೋದೆವು. ಗಿಟಾರು ಮಾಡಿಟ್ಟಿದ್ದ. ಹಲಸಿನ ಮರ, ವೀಣೆಗೆ ಹಾಕುತ್ತಾರಲ್ಲ ಅದೇ. ಮೈಯಿಂದ ಪೆಡಲಿನವರೆಗೂ ಒಂದೇ ಮರದ್ದು, ಬೇರೆ ಕಡ್ಡಿ ಸೇರಿಸಿಲ್ಲ ಎಂದು ಆತನಿಗೆ ಹೆಮ್ಮೆ. ನಮ್ಮವರು ಚಪ್ಪಲಿ ಬಿಟ್ಟು ಕೂತರು. ಬಲಗೈ ನಡುಗುತ್ತಿತ್ತು, ಆದರೆ ಬೆರಳು ತಂತಿಗೆ ತಾಗಿದೊಡನೆ ಹಿಡಿತಕ್ಕೆ ಬಂತು. ಕಾಲು ಒತ್ತಿದರು. ಸ್ವರ ಎದ್ದು ಹೋಯಿತು ನೋಡಿ... ಪಾತ್ರೆ ಅಂಗಡಿಯ ಹಮಾಲರು ಹೊತ್ತ ಮೂಟೆ ಹೊತ್ತಂತೆಯೇ ಬಾಗಿಲಲ್ಲಿ ನಿಂತರು. ಹತ್ತು ನಿಮಿಷ ಬಾರಿಸಿರಬಹುದು.

ನಾನು ನೋಡುತ್ತಿದ್ದದ್ದು ಅವರ ಕಾಲನ್ನು. ಬಾಯಿ ತಡೆಯಲಿಲ್ಲ. "ಎಲ್ಲ ಸರಿ ಮೇಸ್ತ್ರಿ, ಹಲಸು ಸರಸ್ವತಿ ಕೂರೋ ಮರ. ಅದನ್ನ ಕಾಲಲ್ಲಿ ತುಳಿಯೋದು ನೋಡಕ್ಕಾಗಲ್ಲ" ಎಂದೆ. ನಮ್ಮವರು, "ನೀನು ಕಣ್ಣು ಮುಚ್ಕೊಂಡು ಕೇಳು" ಎಂದು ನಕ್ಕರು. ಮೇಸ್ತ್ರಿ ನಗಲಿಲ್ಲ. "ಮೆರುಗು ಹಾಕೋದೊಂದು ಬಾಕಿ ಐತ್ರಿ ಸಾರ್. ಹದಿನೈದು ದಿನ ಬಿಟ್ಟು ಬರ್ರಿ" ಎಂದ.

ಹದಿನೈದು ದಿನ ತಿಂಗಳಾಯಿತು. ತಿಂಗಳು ದಸರೆಯಾಯಿತು. ಫೋನು ಮಾಡಿದರೆ, "ಇನ್ನ ಕೊಂಚೆಂ ಐತ್ರಿ" ಎನ್ನುತ್ತಿದ್ದ. ಸಂಕ್ರಾಂತಿಗೂ ಕೊಂಚೆಂ, ಯುಗಾದಿಗೂ ಕೊಂಚೆಂ. ನಮ್ಮವರ ಅನ್ನ ಮೊದಲು ತಟ್ಟೆಯ ಆಚೆ ಬಿದ್ದಿತು, ಆಮೇಲೆ ನಾನು ಕಲಸಿ ಚಮಚ ಕೊಡುವಂತಾಯಿತು. ಆದರೂ ದಿನಾ ಬೆಳಿಗ್ಗೆ ಅವರು ಹಳೆಯ ಗಿಟಾರಿನ ಉಕ್ಕಿನ ತುಂಡನ್ನು ಹಿಡಿದು ಅಭ್ಯಾಸ ಮಾಡುತ್ತಿದ್ದರು. ಈಗ ಎಡಗೈಯೂ ಸೋತು, ಅದು ಜಾರಿ ಟಣ್ ಎಂದು ಬೀಳುವುದು, ನಾನು ಅಡುಗೆಮನೆಯಿಂದ ಬಂದು ಎತ್ತಿಕೊಡುವುದು. ದಿನಕ್ಕೆ ಎಷ್ಟು ಸಲ ಬಿತ್ತು ಎನ್ನುವುದರಲ್ಲೇ ನನಗೆ ಅವರ ಕೈಯ ಲೆಕ್ಕ ಸಿಗುತ್ತಿತ್ತು. ಡಾಕ್ಟರ ಮುಖ ನೋಡುವ ಅಗತ್ಯ ಬೀಳಲಿಲ್ಲ.

ಒಂದು ದಿನ ತಡೆಯಲಾರದೆ, ಅವರನ್ನು ಮಗಳ ವಶಕ್ಕೆ ಬಿಟ್ಟು ನಾನೊಬ್ಬಳೇ ವಿಜಯವಾಡಕ್ಕೆ ಹೋದೆ. ವೈಶಾಖದ ಬಿಸಿಲು, ಒನ್ ಟೌನಿನ ಸಂದಿಯಲ್ಲಿ ಕಾಸಿದ ಬಾಣಲೆಯೊಳಗೆ ನಡೆದ ಹಾಗಿತ್ತು. ಅಂಗಡಿಯೊಳಗೆ ನೋಡುತ್ತೇನೆ, ಅಂದು ಬಾರಿಸಿದ್ದ ಗಿಟಾರು ಬಿಚ್ಚಿ ಬಿದ್ದಿದೆ. ಹೊಟ್ಟೆಯ ಸರಳುಗಳೆಲ್ಲ ನೆಲದ ಮೇಲೆ. ಪೆಡಲುಗಳೇ ಇಲ್ಲ.

"ಏನಯ್ಯಾ ಇದು? ಕಟ್ಟಿದ್ದನ್ನ ಬಿಚ್ಚಿ ಇನ್ನೊಬ್ರಿಗೆ ಮಾರ್ದ್ಯಾ?"

"ಅಯ್ಯೋ, ಅಲ್ರಿ ಅಮ್ಮಾ. ನಿಮ್ದೇ ಇದು."

"ನಮ್ದಾದ್ರೆ ಯಾಕೆ ಬಿಚ್ಚಿದೆ?"

"ಸಾರ್‌ಗೆ ಗೊತ್ತೈತ್ರಿ" ಎಂದ. ಅಷ್ಟೇ. ಮಜ್ಜಿಗೆ ತರಿಸಿದ. ನಾನು ಲೋಟ ಮುಟ್ಟಲಿಲ್ಲ. "ಅವರ ಕೈ ಬಿದ್ದುಹೋದ್ಮೇಲೆ ತಂದ್ರೆ ನಿನ್ನ ತಲೆ ಮೇಲೇ ಒಡೀತೀನಿ" ಎಂದು ಬೀದಿಗೆ ಕೇಳುವಂತೆ ಕೂಗಿ ಬಂದೆ. ಮನೆಗೆ ಬಂದು ನಮ್ಮವರನ್ನು ಕೇಳಿದರೆ, "ಏನೋ ಸರಳು ಸರಿ ಇಲ್ವಂತೆ, ಬಿಡು" ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಅಳತೆ ಕೊಟ್ಟ ಮೂರನೇ ವರ್ಷ, ಶ್ರಾವಣದಲ್ಲಿ, ಮೇಸ್ತ್ರಿ ತಾನೇ ಬಂದ. ಬೆಡ್‌ಶೀಟಿನಲ್ಲಿ ಸುತ್ತಿದ ಎರಡು ಗಂಟನ್ನು ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ದುವ್ವಾಡ ಸ್ಟೇಷನ್ನಿನಲ್ಲಿ ಇಳಿದು ಬಂದಿದ್ದ. ಅಷ್ಟು ಹೊತ್ತಿಗೆ ನಮ್ಮವರ ಎರಡು ಕೈಯೂ ಒಣಗಿದ ಕೊಂಬೆ. ನಾನು ಹೊಸಿಲಲ್ಲೇ ನಿಲ್ಲಿಸಿದೆ. ಕುಡಿಯಲು ನೀರು ಬೇಕೇ ಎಂದೂ ಕೇಳಲಿಲ್ಲ. "ಈಗ ಯಾಕೆ ತಂದೆ? ಒಲೆಗೆ ಸೌದೆ ಸಾಕಷ್ಟಿದೆ ನಮ್ಮನೇಲಿ" ಎಂದೆ. ಇನ್ನೂ ಏನೇನೋ ಅಂದೆ. ಎಲ್ಲ ನೆನಪಿದೆ. ಬರೆಯಲು ಮನಸ್ಸಿಲ್ಲ.

ಆತ ತಲೆ ತಗ್ಗಿಸಿ ಕೇಳಿಸಿಕೊಂಡು, ಒಳಗೆ ಬಂದು ನೆಲದ ಮೇಲೆ ಕೂತು, ಒಂದೊಂದೇ ಜೋಡಿಸಿದ. ಮನೆ ತುಂಬ ಹಸಿ ಮೆರುಗಿನ ವಾಸನೆ. ಜೋಡಿಸಿ ಮುಗಿದ ಮೇಲೆ ನಮ್ಮವರ ಕಡೆ ತಿರುಗಲಿಲ್ಲ, ನನ್ನ ಕಡೆ ತಿರುಗಿದ. ಬೈಸಿಕೊಂಡ ಮುಖದಲ್ಲೇ ಒಂದು ಹಿಗ್ಗು.

"ನೋಡ್ರಿ ಅಮ್ಮಾ, ಈಗ ದೋಷ ಇಲ್ಲ. ಪೆಡಲು ಹಲಸಲ್ಲ, ಜಾಲಿ. ಎತ್ತಿನ ಗಾಡಿ ಗಾಲಿಗೆ ಹಾಕೋ ಮರ, ನೆಲದ ಮ್ಯಾಲೆ ಉರುಳಾಕೇ ಹುಟ್ಟೇತಿ. ಕಾಲಿಟ್ರೂ ಸರಸ್ವತಮ್ಮಗೆ ತಗಲಂಗಿಲ್ಲ."

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ಯಾವಾಗ ಬಿಚ್ಚಿದ್ದು ನೀನು?"

"ನೀವು ಅಂದ್ರಲ್ರಿ, ಅವತ್ತ ಸಾಯಂಕಾಲನೇ."

ಮೊದಲು ಕಬ್ಬಿಣ ಹಾಕಿದನಂತೆ, ಕಟಕಟ ಸದ್ದು ಬಂತು. ಹುಣಸೆ ಹಾಕಿದ, ಭಾರಕ್ಕೆ ಸರಳು ಬಾಗಿದವು. ಜಾಲಿ ಸರಿಯಾಗಿ ಒಣಗಲು ಒಂದು ವರ್ಷ ಕಾದ. ಪೆಡಲಿನ ತೂಕ ಬದಲಾದದ್ದಕ್ಕೆ ಹೊಟ್ಟೆಯನ್ನೆಲ್ಲ ಮತ್ತೆ ಕಟ್ಟಿದ. ಒಬ್ಬನೇ. ನಾಲ್ಕನೇ ಕ್ಲಾಸು ಓದಿದ ಹೆಂಗಸು ಬಾಯಿಗೆ ಬಂದದ್ದು ಅಂದಳು ಎಂದು. ನಾನು ದಿನಕ್ಕೆ ಇಂಥ ಇಪ್ಪತ್ತು ಮಾತಾಡುತ್ತೇನೆ. ನಮ್ಮ ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಂಡವರಲ್ಲ.

ಆತ ಹೋದ ಮೇಲೆ ನಮ್ಮವರನ್ನು ಕೇಳಿದೆ. "ನಿಮಗೆ ಗೊತ್ತಿತ್ತಾ?"

"ಹೂಂ. ಫೋನಲ್ಲಿ ಹೇಳಿದ್ದ."

"ನನಗ್ಯಾಕೆ ಹೇಳ್ಲಿಲ್ಲ ರೀ?"

"ಹೇಳಿದ್ರೆ 'ಹಾಳಾಗ್ಲಿ, ಹಾಗೇ ಕಳ್ಸು' ಅಂತಿದ್ದೆ. ಆಮೇಲೆ ನಾನು ಬಾರಿಸೋವಾಗೆಲ್ಲ ನೀನು ನನ್ನ ಕಾಲನ್ನೇ ನೋಡ್ತಾ ಕೂತಿರ್ತಿದ್ದೆ" ಎಂದರು. ನಾಲಿಗೆಯೂ ಆಗ ತೊದಲುತ್ತಿತ್ತು. ಇಬ್ಬರು ಗಂಡಸರು ಸೇರಿ, ನನ್ನ ಮನಸ್ಸಿಗೆ ನೋವಾಗಬಾರದು ಎಂದು ತೀರ್ಮಾನ ಮಾಡಿದ್ದರು. ನನ್ನನ್ನು ಒಂದು ಮಾತು ಕೇಳಿದ್ದರೆ... ಅದಕ್ಕೇ ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಇಬ್ಬರ ಮೇಲೂ ಇಳಿದಿಲ್ಲ.

ಮಾರನೇ ದಿನ ಕುರ್ಚಿ ಎಳೆದು ಅವರನ್ನು ಗಿಟಾರಿನ ಮುಂದೆ ಕೂರಿಸಿದೆ. ಕೈಗೆ ಉಕ್ಕಿನ ತುಂಡು ಕೊಟ್ಟೆ, ಬಿತ್ತು. ಮತ್ತೆ ಕೊಟ್ಟೆ, ಮತ್ತೆ ಬಿತ್ತು. ಕೊನೆಗೆ ಅವರು ಗಲ್ಲ ಎತ್ತಿ ತಂತಿಯ ಕಡೆ ತೋರಿಸಿದರು. ನಾನು ಒಂದು ತಂತಿಯನ್ನು ಬೆರಳಿನಿಂದ ಮೀಟಿದೆ. ಅವರು ಕಾಲು ಒತ್ತಿದರು. ಕಾಲು ಮಾತ್ರ ಇನ್ನೂ ಅವರ ಮಾತು ಕೇಳುತ್ತಿತ್ತು. ಸ್ವರ ಎದ್ದು ಮೇಲೆ ಹೋಯಿತು, ಕಾಲು ಬಿಟ್ಟರೆ ಇಳಿಯಿತು. ಮತ್ತೆ ಮೀಟಿದೆ, ಮತ್ತೆ ಒತ್ತಿದರು. ಅನ್ನಕ್ಕೆ ಇಟ್ಟ ನೀರು ಉಕ್ಕಿ ಒಲೆ ಆರುವವರೆಗೆ ಅಷ್ಟೇ ಮಾಡಿದೆವು. ಯಾವ ಕಾಲನ್ನು ನೋಡಲಾಗುವುದಿಲ್ಲ ಎಂದಿದ್ದೆನೋ, ಆ ಕಾಲೊಂದೇ ಉಳಿದಿತ್ತು. ಆಮೇಲೆ ಅವರು ಆ ಕುರ್ಚಿಯಲ್ಲಿ ಕೂರಲಿಲ್ಲ. ಬೇಸರವಾಗುತ್ತದೆ, ಬೇಡ ಎಂದರು.

ಎರಡು ತಿಂಗಳಿಗೆ ಮೇಸ್ತ್ರಿಯ ಫೋನು ಬಂತು. "ಸಾರ್ ಬಾರಸ್ತಾರೇನ್ರಿ ಅಮ್ಮಾ?"

"ದಿನಾ ಬಾರಿಸ್ತಾರೆ" ಎಂದೆ.

"ಪೆಡಲು ಮೆತ್ತಗದಾವ್ರಿ?"

"ಬೆಣ್ಣೆ ಹಾಗಿವೆ."

"ಸಾಕ್ರಿ ಅಮ್ಮಾ" ಎಂದು ಫೋನು ಇಟ್ಟ. ಸುಳ್ಳು ಹೇಳಿದ್ದು ಆತನ ಮೇಲಿನ ಕನಿಕರಕ್ಕಲ್ಲ. ನಿಜ ಹೇಳಿದರೆ, ಅಂದು ಹಲಸಿನ ಬಗ್ಗೆ ನಾನಾಡಿದ ಮಾತೂ ಅದರ ಜೊತೆ ಎದ್ದು ಬರುತ್ತಿತ್ತು. ನಮ್ಮವರು ಹೋದ ಮೇಲೆ ಮತ್ತೆ ಎರಡು ಸಲ ಫೋನು ಮಾಡಿದ. ಫೋನು ಹೊಡೆದುಕೊಳ್ಳುತ್ತಿತ್ತು, ನಾನು ನೋಡುತ್ತಾ ಕೂತಿದ್ದೆ. ಆಮೇಲೆ ಬರಲಿಲ್ಲ.

ಹೋದ ವರ್ಷ ವಿಜಯವಾಡದಲ್ಲಿ ಒಂದು ಮದುವೆಗೆ ಹೋದವಳು ಒನ್ ಟೌನಿಗೂ ಹೋದೆ. ಏನು ಹೇಳಬೇಕೆಂದು ಹೋದೆನೋ ಗೊತ್ತಿಲ್ಲ... ಬಹುಶಃ ಇನ್ನೊಂದು ಸಲ ಬೈಯಲು. ಆ ಕೋಣೆಯಲ್ಲಿ ಪ್ಲಾಸ್ಟಿಕ್ ಬಕೆಟ್ಟುಗಳು ಪೇರಿಸಿದ್ದವು. ಪಕ್ಕದ ಪಾತ್ರೆ ಅಂಗಡಿಯವನು ನನ್ನ ಮುಖ ನೋಡಿ, "ಮೇಸ್ತ್ರಿನಾ? ಪೋಯಾರಮ್ಮಾ. ರೆಂಡೇಳ್ಳಯಿಂದಿ" ಎಂದ. ತೀರಿಹೋಗಿ ಎರಡು ವರ್ಷವಾಗಿತ್ತು. ಅಂದು ಪಾದದ ಗೆರೆ ಎಳೆದಿದ್ದ ನೆಲ ನೋಡಿದೆ. ಹೊಸ ಟೈಲ್ಸ್ ಹಾಕಿದ್ದರು.

ಗಿಟಾರು ಈಗಲೂ ನಮ್ಮ ಹಾಲಿನಲ್ಲಿದೆ. ಮೊಮ್ಮಗಳು ಅದರ ಮೇಲೆ ಫೋನಿನ ಚಾರ್ಜರ್ ಇಡುತ್ತಾಳೆ, ಬೈಸಿಕೊಳ್ಳುತ್ತಾಳೆ, ಮತ್ತೆ ಇಡುತ್ತಾಳೆ. ಪಾಲಿಶ್ ವಾಸನೆ ಬಂದ ದಿನ ಗುಡಿಸುವಾಗ ನನ್ನ ಕಾಲು ಪೆಡಲಿಗೆ ತಗುಲಿತು. ಇದೇನು ಹೊಸದಲ್ಲ, ವಾರಕ್ಕೆ ಎರಡು ಸಲ ತಗಲುತ್ತದೆ. ಗಾಡಿಯ ಗಾಲಿಗೆ ಹಾಕುವ ಮರ. ಕಾಲು ತಗಲಿದರೂ ದೋಷವಿಲ್ಲದಿರಲಿ ಎಂದೇ ಒಬ್ಬ ಮನುಷ್ಯ ಎರಡು ವರ್ಷ ಕೂತು ಮಾಡಿದ್ದು.

ಮಂಡಿ ಹಿಡಿದುಕೊಂಡು ಬಗ್ಗಿದೆ. ಪೆಡಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಹಲಸಾಗಿದ್ದರೂ ಮಾಡುತ್ತಿದ್ದುದು ಇಷ್ಟೇ. ಆತ ಮಾಡಿದ್ದಷ್ಟೂ ದಂಡ.