ಬಿಚ್ಚದೆ ಸಾಗಿಸಿದ ಎಕೋ ಸೌಂಡರ್

1963ರ ಬೇಸಿಗೆಯಲ್ಲಿ ನಾನು ಸರ್ಕಾರದ ಒಂದು ನದಿ-ಮೀನು ಸಮೀಕ್ಷೆಯ ತಂಡದಲ್ಲಿ ಉಪಕರಣಗಳ ಮೆಕ್ಯಾನಿಕ್ ಆಗಿದ್ದೆ. ಹುಟ್ಟಿದ್ದು ಮುಂಡಗೋಡ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ರೇಡಿಯೋ ರಿಪೇರಿ ಕಲಿತದ್ದು ಹುಬ್ಬಳ್ಳಿಯಲ್ಲಿ. ಆಗ ನನಗೆ ಇಪ್ಪತ್ತೊಂಬತ್ತು ವರ್ಷ. ನಮ್ಮ ತಂಡ ದಾಂಡೇಲಿಯಲ್ಲಿ ಬಿಡಾರ ಹೂಡಿ, ಕಾಳಿ ನದಿಯ ಮಡುಗಳಲ್ಲಿ ಎಷ್ಟು ಆಳವಿದೆ, ಯಾವ ಆಳದಲ್ಲಿ ಮೀನಿದೆ ಎಂದು ನೋಡುತ್ತಿತ್ತು.

ಇದಕ್ಕೆ ನಮ್ಮಲ್ಲಿ ಹದಿನಾರು ಅಡಿಯ ಒಂದು ಮರದ ದೋಣಿ, ಅದರ ಮೇಲೆ ಕೂರಿಸಿದ ಒಂದು ಎಕೋ ಸೌಂಡರ್ ಇದ್ದವು. ದೋಣಿಯ ತಳಕ್ಕೆ ಜೋಡಿಸಿದ ಭಾಗ ನೀರಿನೊಳಗೆ ಶಬ್ದ ಕಳಿಸುತ್ತದೆ. ಶಬ್ದ ತಳಕ್ಕೆ ಬಡಿದು ವಾಪಸು ಬರಲು ಎಷ್ಟು ಹೊತ್ತು ಹಿಡಿಯಿತು ಎಂಬುದರ ಮೇಲೆ ಆಳ ಗೊತ್ತಾಗುತ್ತದೆ. ಮೇಲಿದ್ದ ರೆಕಾರ್ಡರ್ ಪೆಟ್ಟಿಗೆಯೊಳಗೆ ಕಾಗದದ ಸುರುಳಿ ತಿರುಗುತ್ತಿತ್ತು, ಅದರ ಮೇಲೆ ಒಂದು ಸೂಜಿ ತಳದ ಗೆರೆಯನ್ನು ಎಳೆಯುತ್ತಾ ಹೋಗುತ್ತಿತ್ತು. ನಡುವೆ ಮೀನಿನ ಹಿಂಡು ಬಂದರೆ ಕಪ್ಪು ಮಚ್ಚೆ ಬೀಳುತ್ತಿತ್ತು. ಈಗಿನವರು ಅಂಗೈಯಗಲದ ಪರದೆಯಲ್ಲಿ ನೋಡುವುದನ್ನು ನಾವು ಇಪ್ಪತ್ತು ಸೇರು ತೂಗುವ ಪೆಟ್ಟಿಗೆಯಿಂದ ತಿಳಿಯುತ್ತಿದ್ದೆವು. ಒಳಗೆ ಗಾಜಿನ ವಾಲ್ವ್‌ಗಳಿದ್ದವು, ಹಳೆಯ ರೇಡಿಯೋಗಳಲ್ಲಿ ಇರುತ್ತಿದ್ದಂಥವು. ನೀರಿನ ಮೇಲೆ ಆ ಪೆಟ್ಟಿಗೆಗೆ ಏನೂ ಆಗುತ್ತಿರಲಿಲ್ಲ. ಅದು ಕೆಡುತ್ತಿದ್ದದ್ದು ರಸ್ತೆಯ ಮೇಲೆ.

ದೋಣಿಯನ್ನು ಟ್ರೇಲರ್ ಮೇಲೆ ಕಟ್ಟಿ ಜೀಪಿನಿಂದ ಎಳೆಯುವಾಗ ಏನೇನು ಮಾಡಬೇಕು ಎಂಬುದನ್ನು ನಾನೇ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದೆ. ಪೆಟ್ಟಿಗೆಯನ್ನು ಬಿಚ್ಚಿ ಇಳಿಸಿ, ಹಾಸಿಗೆಯಲ್ಲಿ ಸುತ್ತಿ, ಜೀಪಿನೊಳಗೆ ಒಬ್ಬರ ತೊಡೆಯ ಮೇಲೆ ಇಡಬೇಕು. ತಂತಿಯ ತುದಿಗಳಿಗೆ ಮೇಣ ಹಚ್ಚಿ ಬಟ್ಟೆ ಕಟ್ಟಬೇಕು. ಆಸಿಡ್ ಚೆಲ್ಲದಂತೆ ಬ್ಯಾಟರಿಯನ್ನು ಬೇರೆ ಇಡಬೇಕು. ತಳದ ಭಾಗಕ್ಕೆ ತೆಂಗಿನ ನಾರು ತುಂಬಿದ ಮರದ ಕವಚ ತೊಡಿಸಬೇಕು. ಐದೈದು ಮೈಲಿಗೆ ನಿಂತು ಹಗ್ಗ ನೋಡಬೇಕು. ಬಿಚ್ಚಲು ಎರಡು ಗಂಟೆ ಬೇಕಾಗುತ್ತಿತ್ತು. ಮತ್ತೆ ಕೂರಿಸಿ, ಮಟ್ಟ ನೋಡಿ, ಸೂಜಿ ಸರಿಮಾಡಲು ನಾಲ್ಕು ಗಂಟೆ.

ಜೂನ್ ಮೊದಲ ವಾರದ ಒಂದು ಮಧ್ಯಾಹ್ನ, ಹಳಿಯಾಳ ಕಡೆಯ ಒಬ್ಬ ರೈತರು ನಮ್ಮ ಬಿಡಾರಕ್ಕೆ ಬಂದರು. ಹೆಸರು ರುದ್ರಪ್ಪ. ಐವತ್ತು ದಾಟಿದ ಗಟ್ಟಿ ಆಳು, ಕೊರಳಲ್ಲಿ ಲಿಂಗ, ಹೆಗಲ ಮೇಲೆ ಟವೆಲು. ಅವರ ಮಗಳು ಗಿರಿಜಾ ಸೂಪಾ ಪೇಟೆಯಲ್ಲಿ ಸರ್ಕಾರಿ ಸೂಲಗಿತ್ತಿಯಾಗಿದ್ದಳು. ಆಗ ಸೂಪಾ ಇನ್ನೂ ಅಣೆಕಟ್ಟಿನ ನೀರಿನಲ್ಲಿ ಮುಳುಗಿರಲಿಲ್ಲ. ಕಚೇರಿ, ಅಂಗಡಿಗಳಿದ್ದ ತಾಲ್ಲೂಕಿನ ಊರು. ನಾಲ್ಕು ದಿನದ ಹಿಂದೆ ಹೊಳೆಯಾಚೆಯ ಕೇರಿಯೊಂದರಲ್ಲಿ ಹೆರಿಗೆ ಕಷ್ಟವಾಗಿದೆಯೆಂದು ಕರೆ ಬಂದು, ಗಿರಿಜಾ ದೋಣಿ ಹತ್ತಿದ್ದಳು. ಮಡುವಿನ ಸುಳಿಯಲ್ಲಿ ದೋಣಿ ಮಗುಚಿತು. ದೋಣಿಯವನು ಈಜಿ ದಡ ಸೇರಿದ. ಗಿರಿಜಾ ಸಿಗಲಿಲ್ಲ, ದೇಹವೂ ತೇಲಲಿಲ್ಲ. ನಾಲ್ಕು ದಿನವಾದರೂ ತೇಲಿಲ್ಲವೆಂದರೆ ಕೆಳಗೆ ಎಲ್ಲೋ ಕಲ್ಲಿನ ಸಂದಿಯಲ್ಲೋ ಮುಳುಗಿದ ಮರದಲ್ಲೋ ಸಿಕ್ಕಿದೆ ಎಂದು ಅರ್ಥ.

ನಮ್ಮ ಅಧಿಕಾರಿ ಪ್ರಭು ಅವರ ಎದುರು ರುದ್ರಪ್ಪ ಕೈಮುಗಿದು ನಿಂತಿದ್ದರು.

"ನೀರಿನ ತಳಾ ನೋಡೂ ಮಷೀನು ನಿಮ್ಮ ಹಂತ್ಯಾಕ ಐತಂತ ಹೇಳಿದ್ರು. ಮಳಿ ಇವತ್ತೋ ನಾಳೆ ಅನ್ನಾಕತ್ತೈತ್ರಿ. ಹೊಳಿ ಬಂತಂದ್ರ ನನ್ನ ಮಗಳು ಸಮುದ್ರಕ್ಕ ಹೋಗಿಬಿಡ್ತಾಳ. ಮಣ್ಣಾರ ಮಾಡಾಕ ಸಿಗಲ್ರಿ."

ಯಂತ್ರ ಮನುಷ್ಯರನ್ನು ತೋರಿಸುವುದಿಲ್ಲ ಎಂದು ಪ್ರಭು ಸರಿಯಾಗಿಯೇ ಹೇಳಿದರು. ಆದರೆ ಅದು ತಳದ ತಗ್ಗುಗಳನ್ನು ತೋರಿಸುತ್ತದೆ. ಆ ಮಡು ಕಾಲು ಮೈಲಿ ಉದ್ದ. ಮುಳುಗು ಹಾಕುವವರು ಅಷ್ಟನ್ನೂ ಕೈಯಿಂದ ತಡಕಲು ಸಾಧ್ಯವಿಲ್ಲ. ತಗ್ಗು ಎಲ್ಲಿದೆ ಎಂದು ಗೊತ್ತಾದರೆ ಅಲ್ಲಿಗೇ ಇಳಿಯಬಹುದು. ನಮ್ಮ ತಂಡದಲ್ಲಿ ಕಾರವಾರ ಕಡೆಯ ಪುತ್ತು ಎಂಬ ಮೀನುಗಾರನಿದ್ದ, ಒಳ್ಳೆಯ ಮುಳುಗುಗಾರ. ಹೋಗುವುದೆಂದು ಪ್ರಭು ಒಪ್ಪಿದರು. ಉಪಕರಣದ ವಿಷಯ ನನಗೆ ಬಿಟ್ಟರು.

ಗಂಟೆ ಎರಡಾಗಿತ್ತು. ನಾನು ಸ್ಪ್ಯಾನರ್ ಹಿಡಿದು ದೋಣಿ ಹತ್ತಿದೆ. ಪೆಟ್ಟಿಗೆಯ ನಾಲ್ಕು ಬೋಲ್ಟ್‌ಗಳಲ್ಲಿ ಎರಡು ತುಕ್ಕು ಹಿಡಿದಿದ್ದವು. ರುದ್ರಪ್ಪ ಟ್ರೇಲರ್ ಪಕ್ಕದಲ್ಲಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದರು.

"ಎಷ್ಟೊತ್ತ ಹಿಡೀತೈತ್ರಿ?"

"ಬಿಚ್ಚಾಕ ಎರಡ ತಾಸು. ಅಲ್ಲಿ ಹೋಗಿ ಮತ್ತ ಕೂಡಿಸಾಕ ನಾಲ್ಕು."

ಅವರು ಪಡುವಣದ ಮೋಡ ನೋಡಿದರು. "ಬಿಚ್ಚದ ಒಯ್ಯಾಕ ಬರೂದಿಲ್ಲೇನ್ರಿ? ನಿಮ್ಮ ಕಾಲಿಗೆ ಬೀಳ್ತೇನಿ. ಹಂಗ ಒಯ್ಯೂಣು."

ಬಿಚ್ಚಿದರೆ ಮರುದಿನ ಮಧ್ಯಾಹ್ನದವರೆಗೆ ಯಂತ್ರ ನೀರಿಗಿಳಿಯುತ್ತಿರಲಿಲ್ಲ. ಬಿಚ್ಚದಿದ್ದರೆ ಬೆಳಗಾಗುತ್ತಲೇ ಕೆಲಸ ಶುರು ಮಾಡಬಹುದು. ನಾನು ಸ್ಪ್ಯಾನರ್ ಕೆಳಗಿಟ್ಟೆ. ಎರಡು ಹಾಸಿಗೆ ತರಿಸಿ ಪೆಟ್ಟಿಗೆಯ ಸುತ್ತ ಬಿಗಿದು, ಮೇಲೆ ನಾರಿನ ಹಗ್ಗ ಸುತ್ತಿದೆ. ತಳದ ಕವಚ ತೊಡಿಸಿದೆ, ಬ್ಯಾಟರಿ ಇಳಿಸಿದೆ. ಮುಕ್ಕಾಲು ಗಂಟೆಯಲ್ಲಿ ಎಲ್ಲ ಮುಗಿಯಿತು. ಹೆಚ್ಚುವರಿ ವಾಲ್ವ್‌ಗಳ ಡಬ್ಬಿ ಪೆಟ್ಟಿಗೆಯ ಕೆಳಗಿನ ಗೂಡಿನಲ್ಲೇ ಇತ್ತು. ಅದು ನನ್ನ ನೆನಪಿಗೆ ಬರಲಿಲ್ಲ.

ಜೀಪಿನ ಚಾಲಕ ಹುಸೇನಸಾಬ್ ಟ್ರೇಲರಿನ ಕೊಂಡಿ ಹಾಕುತ್ತಾ ನನ್ನನ್ನು ಪಕ್ಕಕ್ಕೆ ಕರೆದ. ನನಗಿಂತ ಹದಿನೈದು ವರ್ಷ ದೊಡ್ಡವನು, ಕಾಡಿನ ಹಾದಿಯಲ್ಲೇ ಲಾರಿ ಹೊಡೆದು ಬೆಳೆದವನು.

"ಸಾಹೇಬ್ರ, ಪೆಟಗಿ ಇಳಸಲಿಲ್ಲಲ್ರೀ? ಈ ರಸ್ತಾದಾಗ ನಮ್ಮ ಹಲ್ಲ ಅಳ್ಳಾಡತಾವು. ಒಳಗ ಗಾಜು ಐತಿ ಅಂತೀರಿ."

"ಸಾವಕಾಶ ಹೊಡಿ ಹುಸೇನಸಾಬ್. ಏನೂ ಆಗೂದಿಲ್ಲ" ಎಂದೆ.

ಮೊದಲ ಹತ್ತು ಮೈಲಿ ನಿಯಮದಂತೆ ಎರಡು ಸಲ ನಿಂತು ನೋಡಿದೆ. ಹಗ್ಗ ಸಡಿಲವಾಗಿರಲಿಲ್ಲ. ಮೂರನೆಯ ಸಲ ನಿಲ್ಲಿಸಬೇಕಾದ ಜಾಗ ಬಂದಾಗ ರುದ್ರಪ್ಪ ನನ್ನ ಮುಖ ನೋಡಿದರು. ನಾನು ನಿಲ್ಲಿಸು ಎನ್ನಲಿಲ್ಲ. ಮುಂದೆ ಒಂದು ಸೇತುವೆ ಕುಸಿದಿತ್ತು. ವಾಹನಗಳು ಒಣಗಿದ ಹಳ್ಳಕ್ಕೆ ಇಳಿದು ಹತ್ತುತ್ತಿದ್ದವು. ಜೀಪು ದಾಟಿತು. ಟ್ರೇಲರಿನ ಎಡಗಾಲಿ ಎರಡು ಬಂಡೆಗಳ ನಡುವಿನ ಗುಂಡಿಗೆ ಬಿತ್ತು. ಆ ಸದ್ದು ನನ್ನ ಬೆನ್ನಿಗೇ ಬಡಿದಂತಾಯಿತು. ಇಳಿದು ನೋಡಿದರೆ ಹಾಸಿಗೆ ಹಾಗೆಯೇ ಇತ್ತು, ಹಗ್ಗ ಹಾಗೆಯೇ ಇತ್ತು. ಹೊರಗಿನಿಂದ ಎಲ್ಲ ಸರಿಯಾಗಿ ಕಾಣುತ್ತಿತ್ತು. ಬಿಚ್ಚಿ ನೋಡುವ ಧೈರ್ಯ ನನಗಾಗಲಿಲ್ಲ.

ಮರುದಿನ ಬೆಳಕು ಹರಿಯುತ್ತಲೇ ಮಡುವಿನ ದಡದಲ್ಲಿ ಹಾಸಿಗೆ ಬಿಚ್ಚಿದೆ. ಕುಲುಕು ತಡೆಯಲು ಪೆಟ್ಟಿಗೆಯ ಕೆಳಗಿಟ್ಟಿದ್ದ ರಬ್ಬರ್ ತುಂಡುಗಳಲ್ಲಿ ಎರಡು ಹರಿದಿದ್ದವು. ಪೆಟ್ಟಿಗೆ ಒಂದು ಕಡೆಗೆ ವಾಲಿ ದೋಣಿಯ ಮರಕ್ಕೆ ಬಡಿದಿತ್ತು. ಮುಚ್ಚಳ ತೆಗೆದಾಗ ಗಾಜಿನ ಚೂರುಗಳು ನನ್ನ ಕೈಮೇಲೆ ಸುರಿದವು. ಮೂರು ವಾಲ್ವ್‌ಗಳು ಒಡೆದಿದ್ದವು. ಗೂಡಿನಲ್ಲಿದ್ದ ಡಬ್ಬಿ ತೆರೆದೆ, ಬೇಕಾಗಿದ್ದವು ಅದರಲ್ಲೂ ಪುಡಿಯಾಗಿದ್ದವು. ಸೂಜಿಯನ್ನು ತಿರುಗಿಸುವ ಮೋಟರಿನ ದಂಡ ಬಾಗಿತ್ತು. ವಾಲ್ವ್ ಕಾರವಾರದಿಂದ ತರಿಸಬಹುದಿತ್ತು, ದಂಡ ಮುಂಬಯಿಯಿಂದಲೇ ಬರಬೇಕು.

ಆದರೂ ನಾನು ಮಧ್ಯಾಹ್ನದವರೆಗೆ ಕೂತೆ. ಸೂಪಾ ಪೇಟೆಯ ವರ್ತಕರೊಬ್ಬರ ರೇಡಿಯೋ ಕೇಳಿ ತಂದು ಬಿಚ್ಚಿದೆ. ಅದರ ವಾಲ್ವ್‌ಗಳ ಕಾಲುಗಳು ಬೇರೆ ಅಳತೆಯವು. ಬಾಗಿದ ದಂಡವನ್ನು ಕಲ್ಲಿನ ಮೇಲಿಟ್ಟು ತಟ್ಟಿದೆ. ಅದು ಮುರಿಯಿತು.

ರುದ್ರಪ್ಪ ಅಲ್ಲೇ ಕೂತಿದ್ದರು. ಮುರಿದ ದಂಡವನ್ನು ನೋಡಿ ಅವರು ಕೇಳಿದ್ದು ಯಂತ್ರದ ವಿಷಯವಲ್ಲ. ಗಿರಿಜಾಳನ್ನು ಕರೆದೊಯ್ದಿದ್ದ ದೋಣಿಯವನು ಪಕ್ಕದಲ್ಲಿದ್ದ, ಅವನನ್ನು, "ಆ ಬಾಣಂತಿ ಹೆಂಗ ಅದಾಳಪಾ?" ಎಂದರು. ತಾಯಿ ಮಗು ಇಬ್ಬರೂ ಉಳಿದಿದ್ದಾರೆ, ಹೆಣ್ಣು ಮಗು ಎಂದು ಅವನು ಹೇಳಿದ. ರುದ್ರಪ್ಪ ತಲೆಯಾಡಿಸಿ ಟವೆಲಿನಲ್ಲಿ ಮುಖ ಒರೆಸಿಕೊಂಡರು.

ಆಮೇಲೆ ಹಳೆಯ ಕ್ರಮಕ್ಕೆ ಇಳಿದೆವು. ಹಗ್ಗದ ತುದಿಗೆ ಸೀಸದ ಗುಂಡು ಕಟ್ಟಿ ಬಿಡುವುದು, ತಳ ಮುಟ್ಟಿದಾಗ ಎಷ್ಟು ಹಗ್ಗ ಹೋಯಿತೆಂದು ಅಳೆಯುವುದು. ಎರಡು ಮಾರು ಮುಂದೆ ಸರಿಯುವುದು, ಮತ್ತೆ ಬಿಡುವುದು. ಯಂತ್ರ ಒಂದು ಗಂಟೆಯಲ್ಲಿ ಎಳೆಯುತ್ತಿದ್ದ ಗೆರೆಗೆ ನಮಗೆ ಎರಡು ದಿನ ಹಿಡಿಯಿತು. ಪ್ರಭು ಬರೆದುಕೊಳ್ಳುತ್ತಿದ್ದರು, ನಾನು ಗುಂಡು ಬಿಡುತ್ತಿದ್ದೆ, ಹುಸೇನಸಾಬ್ ಹುಟ್ಟು ಹಾಕುತ್ತಿದ್ದ. ಸಂದೇಹ ಬಂದ ಕಡೆಯಲ್ಲೆಲ್ಲ ಪುತ್ತು ಮುಳುಗಿ ಬರುತ್ತಿದ್ದ. ಎಲ್ಲೂ ಏನೂ ಇರಲಿಲ್ಲ.

ಮೂರನೆಯ ದಿನ ಸಂಜೆ ನಾಲ್ಕರ ಹೊತ್ತಿಗೆ ಆಚೆ ದಡದ ಹತ್ತಿರ ನನ್ನ ಹಗ್ಗ ಇದ್ದಕ್ಕಿದ್ದಂತೆ ಕೈಯಿಂದ ಜಾರಿತು. ಇಪ್ಪತ್ತು ಅಡಿ ಇದ್ದ ತಳ ನಲವತ್ತೆರಡಕ್ಕೆ ಇಳಿದಿತ್ತು. ಕಲ್ಲಿನಲ್ಲಿ ಕೊರೆದಂಥ ಇಕ್ಕಟ್ಟಾದ ತಗ್ಗು. ಪುತ್ತು ಮೂರು ಸಲ ಮುಳುಗಿದ. ಮೂರನೆಯ ಸಲ ಮೇಲೆ ಬಂದಾಗ ಅವನ ಮೂಗಿನಿಂದ ರಕ್ತ ಬರುತ್ತಿತ್ತು.

"ಅಡಿಗೆ ದೊಡ್ಡ ಮರ ಬಿದ್ದಿದೆ ಸಾಹೇಬ್ರೇ. ಟೊಂಗೆ ಕೈಗೆ ಸಿಕ್ತು. ಅದರ ಕೆಳಗೆ ಹೋಗಲಿಕ್ಕೆ ಉಸಿರು ಸಾಕಾಗ್ಲಿಲ್ಲ. ನಾಳೆ ಹಗ್ಗ ಕಟ್ಟಿಕೊಂಡು ಇಳಿತೇನೆ."

ನಾಳೆ ಎಂಬುದು ನಮಗೆ ಸಿಗಲಿಲ್ಲ. ಬೆಳಿಗ್ಗೆ ನಾವು ದಡಕ್ಕೆ ಹೋಗುವಷ್ಟರಲ್ಲಿ ನೀರು ಕೆಂಪಾಗಿತ್ತು. ಮೇಲಿನ ಕಾಡಿನಲ್ಲಿ ಮಳೆ ಸುರಿದು ಹೊಳೆ ಆರು ಅಡಿ ಏರಿತ್ತು. ನಾವು ಗುರುತಿಗೆ ನೆಟ್ಟಿದ್ದ ಬಿದಿರು ಕಾಣಲಿಲ್ಲ. ಪುತ್ತು ನೀರಿಗೆ ಕಾಲಿಟ್ಟವನು ಹಿಂದೆ ಬಂದ. ಮುಂದಿನ ಐದು ತಿಂಗಳು ಆ ಮಡುವಿನಲ್ಲಿ ಯಾರೂ ಇಳಿಯುವಂತಿರಲಿಲ್ಲ. ಗಿರಿಜಾ ಆ ಮರದ ಕೆಳಗೆ ಇದ್ದಳೋ ಇಲ್ಲವೋ, ಅದು ಇಂದಿಗೂ ಯಾರಿಗೂ ಗೊತ್ತಿಲ್ಲ.

ಯಂತ್ರ ಸರಿಯಿದ್ದರೂ ಪ್ರಯೋಜನವಾಗುತ್ತಿರಲಿಲ್ಲ ಎಂದು ಪ್ರಭು ರುದ್ರಪ್ಪನವರಿಗೆ ಸಮಾಧಾನ ಹೇಳಿದ್ದರು. ಕರುಣೆಯಿಂದ ಆಡಿದ ಮಾತು. ನಾನು ಟ್ರೇಲರಿಗೆ ಹಗ್ಗ ಬಿಗಿಯುತ್ತಿದ್ದಾಗ ರುದ್ರಪ್ಪ ಹತ್ತಿರ ಬಂದರು.

"ನೀವು ಖರೇ ಹೇಳ್ರಿ. ಮಷೀನು ಇದ್ದಿದ್ರ ಆ ತಗ್ಗು ಸಿಗತಿತ್ತೇನು?"

ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. "ಸಿಗತಿತ್ತು. ಮೊದಲನೇ ದಿನಾನ ಸಿಗತಿತ್ತು. ನಾ ಬಿಚ್ಚಬೇಕಿತ್ರಿ, ಬಿಚ್ಚಲಿಲ್ಲ. ತಪ್ಪು ನಂದು."

ಅವರು ಬೈಯುತ್ತಾರೆಂದುಕೊಂಡೆ. ಬೈಸಿಕೊಳ್ಳಲು ನಾನು ತಯಾರಾಗಿದ್ದೆ, ಬಹುಶಃ ಅದಕ್ಕಾಗಿಯೇ ನಿಜ ಹೇಳಿದ್ದೆ. ಅವರು ಪೆಟ್ಟಿಗೆಯ ಕಡೆ ನೋಡಿ, "ನೀವು ಬಿಚ್ಚಾಕ ಹತ್ತಿದ್ರಿ. ಬ್ಯಾಡ ಅಂದಾಂವ ನಾನ" ಎಂದರು.

"ಇಲ್ಲರಿ, ನಿಮಗ ಅದರ ವಿಷಯ ಏನ ಗೊತ್ತಿತ್ತು? ಬಲ್ಲಾಂವ ನಾನು."

"ನಾನ ಗಡಬಡಿ ಮಾಡಿದೆ" ಎಂದು ಇನ್ನೊಮ್ಮೆ ಹೇಳಿ ನಡೆದುಹೋದರು. ಜೀಪಿನಲ್ಲಿ ಕರೆದೊಯ್ಯುತ್ತೇವೆ ಎಂದರೂ ಬರಲಿಲ್ಲ.

ಮೂರು ವರ್ಷದ ನಂತರ ಹಳಿಯಾಳದ ಬಸ್ ನಿಲ್ದಾಣದಲ್ಲಿ ಅವರನ್ನು ಕಂಡೆ. ಗಂಡ ಹೆಂಡತಿ ಒಂದೇ ಕಲ್ಲು ಬೆಂಚಿನ ಎರಡು ತುದಿಗಳಲ್ಲಿ ಕೂತಿದ್ದರು. ರುದ್ರಪ್ಪ ನನ್ನ ಗುರುತು ಹಿಡಿದು ಎದ್ದು ನಮಸ್ಕಾರ ಮಾಡಿದರು, ಆಮೇಲೆ ನೀರು ಕುಡಿಯಲು ಹೋದರು. ನಾನು ಯಾರೆಂದು ಹೇಳಿದ ಮೇಲೆ ಅವರ ಹೆಂಡತಿ ನಿಧಾನವಾಗಿ ಕೇಳಿದರು:

"ಇವರ ಮಾತ ಕೇಳಿ ಮಷೀನು ಕೆಟ್ಟಿತಂತಲ್ರಿ?"

"ಅಲ್ಲ ತಾಯಿ. ನನ್ನ ತಪ್ಪಿನಿಂದ ಕೆಟ್ಟಿತು. ಅವರದೇನೂ ಇಲ್ಲ."

"ಅವರ ಬಾಯಿಲೆ ಅವರ ಹೇಳ್ಯಾರ. ಮನೀಗೆ ಬಂದ ದಿನಾನ ಹೇಳ್ಯಾರ. ಅವತ್ತಿಂದ ನಾ ಅವರ ಜೋಡಿ ಮಾತ ಬಿಟ್ಟೇನಿ."

ನಾನು ನಡೆದದ್ದನ್ನೆಲ್ಲ ಮೊದಲಿನಿಂದ ವಿವರಿಸಿದೆ: ಬೋಲ್ಟು, ಹಾಸಿಗೆ, ನಾನು ನಿಲ್ಲಿಸದೆ ಹೋದ ಮೂರನೆಯ ಜಾಗ. ಅವರು ಕೊನೆಯವರೆಗೂ ಕೇಳಿದರು. "ನೀವು ದೊಡ್ಡ ಮನಸಿನವರು, ಅದಕ್ಕ ಹಿಂಗ ಹೇಳ್ತೀರಿ" ಎಂದರು. ಬಸ್ಸು ಬಂತು. ಅವರು ಮುಂದಿನ ಸೀಟಿನಲ್ಲಿ ಕೂತರು, ರುದ್ರಪ್ಪ ಹಿಂದೆ ಹೋಗಿ ನಿಂತರು.

ಆಮೇಲೆ ನಾನು ಇಪ್ಪತ್ತಾರು ವರ್ಷ ಅದೇ ಕೆಲಸ ಮಾಡಿದೆ. ಪೆಟ್ಟಿಗೆ ಬಿಚ್ಚದೆ ಒಂದು ದೋಣಿಯನ್ನೂ ರಸ್ತೆಗೆ ಬಿಡಲಿಲ್ಲ. ಆದರೆ ನಾನು ಕಲಿತ ಪಾಠ ಅದಲ್ಲ, ಅದು ಗೋಡೆಯ ಮೇಲಿನ ಹಾಳೆಯಲ್ಲೇ ಇತ್ತು. ಕಷ್ಟದಲ್ಲಿರುವವರು ಅವಸರ ಮಾಡಿಯೇ ಮಾಡುತ್ತಾರೆ. ಆಗುವುದಿಲ್ಲ ಎಂದು ಅವರ ಮುಖಕ್ಕೆ ಹೇಳಿ, ಅವರ ಸಿಟ್ಟನ್ನು ಆ ಒಂದು ದಿನ ಹೊರುವುದೂ ಕೆಲಸ ಬಲ್ಲವನ ಕೆಲಸವೇ. ಅಂದು ನಾನು ಅಷ್ಟು ಮಾಡಲಿಲ್ಲ. ನಾನು ಹೊರದೆ ಬಿಟ್ಟದ್ದನ್ನು ರುದ್ರಪ್ಪ ಮನೆಗೆ ಹೊತ್ತುಕೊಂಡು ಹೋದರು. ಅದನ್ನು ಅವರಿಂದ ಇಳಿಸಿಕೊಳ್ಳಲು ನಾನು ಎರಡು ಸಲ ಪ್ರಯತ್ನಿಸಿದೆ. ಎರಡು ಸಲವೂ ಆಗಲಿಲ್ಲ.