ತಾನೇ ಗುಡಿಸಿದ ತೋಪಿಗೆ ಮತ್ತೆ ಎಲೆ ಸುರಿದ ಬೂಟಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತೋಪಿನ ಕಾಲುದಾರಿಯಲ್ಲಿ ಒಬ್ಬಾಕೆ ಗೋಣಿಚೀಲ ಬೋರಲು ಹಾಕಿ ತರಗೆಲೆಗಳನ್ನು ಸುರಿಯುತ್ತಿದ್ದಾರೆ. ಕಾಲಿನಿಂದ ಹರಡಿ, ಹಿಂದೆ ಸರಿದು ನೋಡಿ, ಸಮಾಧಾನವಾಗದೆ ಮತ್ತೆ ಹರಡುತ್ತಾರೆ. ವಾಕಿಂಗಿಗೆ ಬಂದವರೊಬ್ಬರು ನಿಂತು ಹುಬ್ಬೇರಿಸುತ್ತಾರೆ. "ಏನಮ್ಮಾ, ದಾರಿಗೆ ಕಸ ಹಾಕ್ತಿದ್ದೀರಾ?"

"ಹೌದು ಸ್ವಾಮಿ. ನಿನ್ನೆ ತೆಗೆದಿದ್ದೂ ನಾನೇ, ಇವತ್ತು ಹಾಕ್ತಿರೋದೂ ನಾನೇ. ಸ್ವಲ್ಪ ಆ ಕಡೆ ಸರ್ಕೊಳ್ಳಿ."

ಓಣಿಯವರಿಗೆಲ್ಲ ಈಕೆ ಬೂಟಕ್ಕ. ಈ ಪುಟ್ಟ ತೋಪನ್ನು ಉಳಿಸಿಕೊಳ್ಳಲು ಸುತ್ತಲಿನವರೇ ಕಟ್ಟಿಕೊಂಡ ಬಳಗವೊಂದಿದೆ. ಶಾಲೆಯ ಮಕ್ಕಳನ್ನು ಕರೆತಂದು ಮರ, ಹುಳ, ಹಕ್ಕಿ ತೋರಿಸುವುದು ಅದರ ಕೆಲಸ. ಆ ಮಕ್ಕಳಿಗೆ ರಬ್ಬರ್ ಬೂಟು ಕೊಡುವುದು, ವಾಪಸು ಪಡೆದು ಕೆಸರು ತೊಳೆಯುವುದು, ತೂತು ಬಿದ್ದರೆ ಸೈಕಲ್ ಟ್ಯೂಬಿನ ತುಂಡು ಅಂಟಿಸುವುದು ಬೂಟಕ್ಕನ ಪಾಲು. ತಗಡಿನ ಶೆಡ್ಡಿನಲ್ಲಿ ಅರವತ್ತು ಜೊತೆ ಬೂಟುಗಳು ಗೂಟಗಳಿಗೆ ತಲೆಕೆಳಗಾಗಿ ನೇತಾಡುತ್ತಿವೆ. ಬಳಗದ ಫೋಟೊಗಳಲ್ಲಿ ಬೂಟುಗಳು ಕಾಣುತ್ತವೆ, ಬೂಟಕ್ಕ ಒಂದರಲ್ಲೂ ಇಲ್ಲ.

ಮೊದಲು ಈಕೆ ಶಾಲೆಯೊಂದರಲ್ಲಿ ಆಯಾ. ಗಂಡ ತೀರಿಕೊಂಡ ಮೇಲೆ ಪೊರಕೆ ಹಿಡಿದೇ ಮಗನನ್ನು ಬೆಳೆಸಿದರು. ಪಾಠ ಶುರುವಾಗುವ ಮೊದಲು ಗುಡಿಸುವುದು, ಮುಗಿದ ಮೇಲೆ ಗುಡಿಸುವುದು. ಸೊಂಟ ಕೈಕೊಟ್ಟಾಗ ಕೆಲಸ ಬಿಟ್ಟರು, ಆದರೆ ಮನೆಯಲ್ಲಿ ನೆಮ್ಮದಿಯಾಗಿ ಕೂರುವ ಜೀವವಲ್ಲ. "ಕೂತ್ರೆ ಕೈ ತುರಿಸತ್ತೆ. ಡಬ್ಬಿ ಎಲ್ಲ ಇಳಿಸಿ ಇಳಿಸಿ ಒರೆಸ್ತಿದ್ದೆ. ತನ್ನ ಅಡುಗೆಮನೆ ಉಳಿದ್ರೆ ಸಾಕು ಅಂತ ಸೊಸೆನೇ ನನ್ನ ಇಲ್ಲಿಗೆ ಸೇರಿಸಿದ್ಲು" ಎಂದು ನಗುತ್ತಾರೆ. ನಗುವಾಗಲೂ ಕೈ ಚೀಲದ ಬಾಯಿ ಬಿಚ್ಚುತ್ತಲೇ ಇರುತ್ತದೆ.

ಅದೇ ಕೈ ನಿನ್ನೆ ಎಡವಟ್ಟು ಮಾಡಿದೆ. ಇವತ್ತು ತೋಪಿಗೆ ಬರುವುದು ಆಕೆ ಆಯಾ ಆಗಿದ್ದ ಶಾಲೆಯ ಮಕ್ಕಳು. ಅಂಗಳಕ್ಕೆಲ್ಲ ಸಿಮೆಂಟು ಬಳಿದ, ಮಕ್ಕಳನ್ನು ಎಂದೂ ಹೊರಗೆ ಬಿಡದ ಶಾಲೆ ಅದು. "ಮಳೆ ಬಂದ್ರೆ ಪಾಪ, ಕಿಟಕಿ ಸರಳಿನಿಂದ ಕೈ ಆಚೆ ಹಾಕೋವು. ಹೋಗಿ ಕಿಟಕಿ ಮುಚ್ಚೋಳು ನಾನೇ. ಮುಚ್ಚು ಅಂದ್ರೆ ಮುಚ್ಚಬೇಕಿತ್ತಲ್ಲ." ಕೆಲಸ ಬಿಟ್ಟ ಮೇಲೂ ಹೆಡ್‌ಮಿಸ್ ಬಳಿಗೆ ಎಡತಾಕಿ, ಕಾಡಿ ಬೇಡಿ ಒಪ್ಪಿಸಿದ್ದಾರೆ. ಹೆಡ್‌ಮಿಸ್ ಕಡ್ಡಿ ತುಂಡು ಮಾಡಿದಂತೆ ಹೇಳಿದ್ದಾರೆ: ಇದೊಂದು ಸಲ ನೋಡುತ್ತೇನೆ, ಪ್ರಯೋಜನವಿಲ್ಲ ಅನ್ನಿಸಿದರೆ ಮತ್ತೆ ಕೇಳಬೇಡಿ.

ಮೇಡಂ ಬರುತ್ತಾರೆಂಬ ಗಾಬರಿಯಲ್ಲಿ ಬೂಟಕ್ಕ ನಿನ್ನೆ ಇಡೀ ದಾರಿ ಗುಡಿಸಿಬಿಟ್ಟರು. ಕೊಳೆತು ಲಡ್ಡಾಗಿದ್ದ ಮರದ ದಿಮ್ಮಿಯೊಂದನ್ನು ಹಾರೆ ಹಾಕಿ ಮೀಟಿ, ಎಲೆಗಳ ಜೊತೆ ತೋಪಿನ ಹಿಂಬದಿಯ ಗುಂಡಿಗೆ ಉರುಳಿಸಿದರು. ಮನೆಗೆ ಹೋಗಿ ಹೆಮ್ಮೆಯಿಂದ ಹೇಳಿಕೊಂಡರೆ ಸೊಸೆ ಕೇಳಿದ್ದು ಒಂದೇ ಮಾತು: "ಅತ್ತೆ, ಹುಳ ಇರೋದೇ ಎಲೆ ಕೆಳಗಲ್ವಾ? ಮಕ್ಕಳು ಬಂದು ಏನು ನೋಡ್ಬೇಕು?" ಬೂಟಕ್ಕ ತಟ್ಟೆ ಸರಿಸಿ ಎದ್ದು ಗೋಣಿಚೀಲ ಹುಡುಕತೊಡಗಿದರು.

ಎಲೆಗಳೇನೋ ವಾಪಸು ಬಂದಿವೆ. ದಿಮ್ಮಿ ಮಾತ್ರ ಗುಂಡಿಯಿಂದ ಮೇಲೇಳುತ್ತಿಲ್ಲ. ಬಳಗದ ಪರವಾಗಿ ಮಕ್ಕಳನ್ನು ತೋಪು ಸುತ್ತಿಸುವ ಡ್ರೈವರಣ್ಣ, ನಿವೃತ್ತ ಬಸ್ ಚಾಲಕರು, ಬಂದು ನೋಡಿ ತಲೆ ಕೆರೆದುಕೊಳ್ಳುತ್ತಾರೆ. "ಅಕ್ಕಾ, ಇದು ರಿವರ್ಸ್ ಬರಲ್ಲ. ಬಿಟ್ಬಿಡಿ." ಬೂಟಕ್ಕ ಬಿಡುವುದಿಲ್ಲ. ಗುಂಡಿಗೂ ಶೆಡ್ಡಿಗೂ ಗೇಟಿಗೂ ಓಡಾಡುತ್ತಾರೆ. ಅವರ ಹಿಂದೆ ಪೆನ್ನು ಹಿಡಿದು ತಿರುಗುವ ನನಗೂ ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ಅಷ್ಟರಲ್ಲಿ ಬಸ್ಸು ಬಂದೇಬಿಡುತ್ತದೆ. ಬೂಟು ತೊಟ್ಟ ಮಕ್ಕಳು ಧಪಧಪ ಹೆಜ್ಜೆ ಹಾಕಿ ಹೊರಡುತ್ತಾರೆ. ಎಲೆ ಎತ್ತುತ್ತಾರೆ, ಏನಿಲ್ಲ. ಇನ್ನೊಂದು ಕಡೆ ಎತ್ತುತ್ತಾರೆ, ಬರೀ ಮಣ್ಣು. "ಮುಂದಿನ ಸ್ಟಾಪಲ್ಲಿ ಸಿಗತ್ತೆ, ಬನ್ನಿ ಬನ್ನಿ" ಎಂದು ಡ್ರೈವರಣ್ಣ ಮುಂದಕ್ಕೆ ಸಾಗಿಸುತ್ತಾರೆ. ಮುಂದಿನ ಸ್ಟಾಪಿನಲ್ಲೂ ಏನಿಲ್ಲ. ಹೆಡ್‌ಮಿಸ್ ಗಡಿಯಾರ ನೋಡಿಕೊಳ್ಳುತ್ತಾರೆ.

ಶೆಡ್ಡಿನ ಬಾಗಿಲಲ್ಲಿ ಸೆರಗು ಹಿಂಡುತ್ತ ನಿಂತಿದ್ದ ಬೂಟಕ್ಕ ಇನ್ನು ತಡೆಯಲಾರದೆ ಮಕ್ಕಳ ನಡುವೆ ನುಗ್ಗುತ್ತಾರೆ. "ತಪ್ಪು ನಂದು ಕಣ್ರೋ. ಮೇಡಂ ಬರ್ತಾರೆ ಅಂತ ಎಲ್ಲ ಗುಡಿಸ್ಬಿಟ್ಟೆ. ಅವುಗಳ ಮನೇನೇ ಕಿತ್ತು ಹಾಕಿದೀನಿ. ನಿಮ್ಮ ಮನೆ ಕಿತ್ತು ಹಾಕಿದ್ರೆ ಎಲ್ಲಿಗೆ ಹೋಗ್ತೀರಾ?"

"ದೊಡ್ಡಮ್ಮನ ಮನೆಗೆ" ಎನ್ನುತ್ತಾಳೆ ಎರಡು ಜಡೆಯ ಹುಡುಗಿ. ಅವಳ ಪಕ್ಕದವನಿಗೆ ಬೇರೆ ಅನುಮಾನ. "ಕಿತ್ತ ಮನೆ ಎಲ್ಲಿದೆ ಅಜ್ಜಿ? ಒಳಗಡೆನೇ ಮಲ್ಕೊಂಡಿದ್ರೆ?"

ಬೂಟಕ್ಕ ಕೈ ತೋರಿದ ಗುಂಡಿಯ ಸುತ್ತ ಮಕ್ಕಳ ಗುಂಪು ಮುತ್ತಿಕೊಳ್ಳುತ್ತದೆ. ಡ್ರೈವರಣ್ಣ ಕೋಲಿನಿಂದ ದಿಮ್ಮಿಯ ತೊಗಟೆ ಎಬ್ಬಿಸಿದ್ದೇ ತಡ, ಒಳಗಿಂದ ಸಂಸಾರವೇ ಹೊರಬೀಳುತ್ತದೆ. ಜರಿ ಒಂದು ಸರ್ರನೆ ಓಡುತ್ತದೆ, ಬಸವನಹುಳು ಕೊಂಬು ಚಾಚುತ್ತದೆ, ಮೂಲೆಯಲ್ಲಿ ಮುದುಡಿದ್ದ ಕಪ್ಪೆ ಬೆಳಕಿಗೆ ಕಣ್ಣು ಮಿಟುಕಿಸುತ್ತದೆ. ಕಿರುಚಾಟ, ನೂಕುನುಗ್ಗಲು. ಮಕ್ಕಳನ್ನು ಗದರಿಸಲು ಬಂದ ಹೆಡ್‌ಮಿಸ್ ತಾವೇ ಮಂಡಿಯೂರಿ ಬಗ್ಗಿದ್ದಾರೆ.

"ಅಜ್ಜಿ, ಈ ಹಸಿರು ಹುಳದ ಹೆಸರೇನು?"

"ನಂಗೊತ್ತಿಲ್ಲ ಕಂದ. ಕಾಲೆಷ್ಟಿದೆ ನೋಡು. ರೆಕ್ಕೆ ಇದ್ಯಾ?"

ಆರು ಎನ್ನುತ್ತಾನೆ ಒಬ್ಬ, ಎಂಟು ಎನ್ನುತ್ತಾಳೆ ಇನ್ನೊಬ್ಬಳು. ಜಗಳವೇ ಶುರುವಾಗುತ್ತದೆ. ಬಸ್ಸು ಹತ್ತುವವರೆಗೂ ಅದು ತೀರ್ಮಾನವಾಗುವುದಿಲ್ಲ. ಹೆಡ್‌ಮಿಸ್ ಕೊನೆಗೆ ಹತ್ತುತ್ತ ಬೂಟಕ್ಕನತ್ತ ತಿರುಗುತ್ತಾರೆ. "ಮುಂದಿನ ವಾರ ಐದನೇ ಕ್ಲಾಸಿನವರನ್ನ ಕಳಿಸ್ತೀನಿ. ಆದ್ರೆ ಅವರನ್ನ ಸುತ್ತಿಸೋದು ನೀವೇ."

ಬಸ್ಸು ತಿರುವು ದಾಟುವವರೆಗೂ ಬೂಟಕ್ಕ ಗೇಟಿನಲ್ಲೇ ನಿಂತು ನೋಡುತ್ತಾರೆ. ನಾನು ನೋಡಿದಂತೆ ಬೆಳಗಿನಿಂದ ಆ ಕೈಗಳು ಸುಮ್ಮನಿದ್ದದ್ದು ಆಗ ಮಾತ್ರ. ಹುಳುಗಳ ಹೆಸರು ಕಲಿತುಕೊಳ್ಳುತ್ತೀರಾ ಎಂದು ಕೇಳುತ್ತೇನೆ.

"ಒಂದೆರಡು ಕಲೀತೀನಿ. ಎಲ್ಲ ಕಲಿತ್ರೆ ಮಕ್ಕಳಿಗೇನು ಕೆಲಸ ಉಳಿಯತ್ತೆ ಹೇಳಿ? ಗೊತ್ತಿಲ್ಲ ಅಂತ ಹೇಳೋಕೆ ಒಬ್ಬರು ಬೇಕಲ್ಲ. ಅದು ನಂಗೆ ಚೆನ್ನಾಗಿ ಬರತ್ತೆ."